ಸೀತು ಕೂತ ದಿನ

ಕುರ್ಚಿಯೊಂದು ಮನೆಗೆ ಬಂದದ್ದೇ ಎಲ್ಲ ರಗಳೆಗೆ ಮೂಲ. ತಲ್ಲೂರಿನ ಚಾದಂಗಡಿಯಿಂದ ಕುಷ್ಟ ಅದನ್ನು ತಲೆಯ ಮೇಲೆ ಹೊತ್ತು ತಂದಾಗ, ಯಾರೋ ಅಧಿಕಾರಿ ಬರುತ್ತಾರೆಂದು ಕೇರಿಯವರು ಅಂಗಳ ಗುಡಿಸಿಕೊಂಡರು.

ಕುಷ್ಟ ಮುಂಬೈಯ ಹೋಟೆಲಿನಲ್ಲಿ ಹಗಲು ತಟ್ಟೆ ತೊಳೆದು, ಸಂಜೆಶಾಲೆಯಲ್ಲಿ ಚಿತ್ರ ಕಲಿತು ಪದವಿ ಪಡೆದವನು. ಈಗ ಚಿತ್ರಕಲೆಯಲ್ಲಿ ಎಂ.ಎ. ಮಾಡುವ ಹುಚ್ಚು. ಊರಲ್ಲಿ ಇದನ್ನು ಯಾರಿಗೆ ಹೇಳುವುದು? ಹೇಳಿದವರೆಲ್ಲ ದೋಣಿಗೆ ಹೆಸರು ಬರೆದುಕೊಡುತ್ತೀಯಾ ಎಂದೇ ಕೇಳಿದ್ದರು. ಊರಿಗೆ ಮರಳಿದ ಎಂಟು ತಿಂಗಳಿಂದ ಅವನು ಬಣ್ಣದ ಮಾತಾಡಿದ್ದು ಬಾವಿಕಟ್ಟೆಯ ಕಾಗೆಯೊಡನೆ ಮಾತ್ರ; ಅದಕ್ಕೋ ಕಪ್ಪು ಬಿಟ್ಟು ಬೇರೆಯದರ ಅನುಭವವಿರಲಿಲ್ಲ.

ಕುಳಿತ ವ್ಯಕ್ತಿಯೊಬ್ಬರನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರ ಕಳಿಸಬೇಕೆಂದು ದೂರದ ಕಲಾಶಾಲೆಯ ನಿಯಮ. ಎದುರಿಗೆ ಕೂರಬೇಕಿದ್ದ ಅವನ ತಾಯಿ, ಅಬ್ಬಿ ಸೀತುವಿಗೆ ಬಿಡುವು ಸಿಗದೆ ಕೊನೆಯ ದಿನ ಬಂದೇಬಿಟ್ಟಿತ್ತು. ಸಂಜೆ ನಾಲ್ಕರ ಟಪಾಲು ತಪ್ಪಿದರೆ ಮುಗಿಯಿತು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತದೆ.

ಸೀತು ಕುರ್ಚಿಯ ತುದಿಯಲ್ಲಿ, ಕಾದ ಕಾವಲಿಯ ಮೇಲೆ ಕೂತವಳಂತೆ ಕೂತಳು. ಕುಷ್ಟ ಪೆನ್ಸಿಲು ಚೂಪು ಮಾಡುವಷ್ಟರಲ್ಲಿ ನೆರೆಮನೆಯ ಅಮ್ಮಣ್ಣಿ ಇಣುಕಿದಳು.

"ಎಂತ ಆಯ್ತ್ ಸೀತಕ್ಕ? ಎದಿ ನೋವಾ? ಇಷ್ಟ್ ವರ್ಷದಲ್ಲಿ ನೀ ಕೂಕಂಡದ್ ನಾ ಕಂಡದ್ದಿಲ್ಲ."

ಏನಿಲ್ಲವೆಂದು ಸೀತು ಎಷ್ಟು ಹೇಳಿದರೂ ಅಮ್ಮಣ್ಣಿ ನಂಬಲಿಲ್ಲ. ಅರ್ಧ ಗಂಟೆಯಲ್ಲಿ ಕಷಾಯ ಬಂತು, ಎಣ್ಣೆ ಬಂತು, ಕೊನೆಗೆ ಮೈಮೇಲೆ ದೈವ ಬರುವ ಪಾತ್ರಿ ತಿಮ್ಮನೂ ಬಂದ. ಅವನು ಸೀತುವನ್ನಲ್ಲ, ಕುರ್ಚಿಯನ್ನು ಪರೀಕ್ಷಿಸಿದ. ಆಮೇಲೆ ಕಣ್ಣುಮುಚ್ಚಿ ನಡುಗಿದ.

"ಇದ್ ನಮ್ಮ ಸೀತು ಅಲ್ಲ. ದೊಡ್ಡಮನಿ ಶೆಟ್ರ ಸತ್ತ್ ಹೋದ ಅಮ್ಮ ಬಂದ್ ಕೂಕಂಡಿರ್."

ಎಲ್ಲರಿಗೂ ಸಮಾಧಾನವಾಯಿತು. ಕುರ್ಚಿಯಲ್ಲಿ ಕೂರುವ ಹೆಂಗಸು ಮತ್ಯಾರಿರಲು ಸಾಧ್ಯ?

ಸುದ್ದಿ ಸೀತು ದುಡಿಯುವ ದೊಡ್ಡಮನೆಗೆ ಮುಟ್ಟಿತು. ಈ ಅಂಗಳಕ್ಕೆ ಎಂದೂ ಕಾಲಿಡದ ಚಂದಯ್ಯ ಶೆಟ್ಟರು ಮೆಟ್ಟು ಕಳಚಿಟ್ಟು, ಕೈಮುಗಿದು, ಪೆಟಾರಿಯ ಬೀಗದಕೈ ಎಲ್ಲಿಟ್ಟಿದ್ದೀಯಮ್ಮಾ ಎಂದು ಸೀತುವನ್ನು ಕೇಳಿದರು. ಕುಷ್ಟನ ಪೆನ್ಸಿಲು ಆಗಷ್ಟೇ ಕಾಗದ ಮುಟ್ಟಿತ್ತು. ಒಡೆಯರು ನಿಂತದ್ದು ಕಂಡದ್ದೇ ಸೀತು ಚಂಗನೆ ಎದ್ದು ಗೋಡೆಗೆ ಒರಗಿದಳು. ಅಮ್ಮ ಇಳಿದುಹೋದರು ಎಂದು ತಿಮ್ಮ ಸಾರಿದ.

ಮುಗಿದ ಕೈಯನ್ನು ಎಲ್ಲಿಡಬೇಕೆಂದು ಶೆಟ್ಟರಿಗೆ ತಿಳಿಯಲಿಲ್ಲ. ಮೋಡ ಬರುತ್ತಿದೆ, ಅಂಗಳದ ಭತ್ತ ಬಾಚೆಂದು ಗದರಿ ಸೀತುವನ್ನು ಓಡಿಸಿದರು. ಪಟ ಬರೆಯಲೆಂದು ಕೂರಿಸಿದ್ದೆ ಎಂದು ಕುಷ್ಟ ಹೇಳಿದಾಗ ಮಾತ್ರ ಮುಖ ಅರಳಿತು. ಖಾಲಿ ಕುರ್ಚಿಯಲ್ಲಿ ಹರಡಿಕೊಂಡು ಕೂತರು.

"ಕೂಕಂಡ ಜನ ಬೇಕಾರೆ ನನ್ನ ಬರಿ, ಮರಾಯ."

ಅವರಷ್ಟು ಚೆನ್ನಾಗಿ ಕೂರುವವರು ಮೂರೂರಲ್ಲಿ ಇರಲಿಲ್ಲ. ಮೂರು ತಲೆಮಾರಿನ ಅಭ್ಯಾಸ. ಗೀಚಿದರೆ ಎಂ.ಎ. ಕೈಯಲ್ಲಿತ್ತು. ಕುಷ್ಟ ಪೆನ್ಸಿಲಿನ ಮೊನೆ ಮುರಿಯಿತೆಂದು ಸುಳ್ಳು ಹೇಳಿದ.

ಎಲ್ಲರೂ ಹೋದ ಮೇಲೆ ಒಬ್ಬನೇ ಕೂತು ಅಬ್ಬಿಯ ಮುಖ ನೆನೆದ. ನೆನಪಾಗಲಿಲ್ಲ. ಊರಲ್ಲಿದ್ದ ವರ್ಷವೆಲ್ಲ ಅವನು ಕಂಡದ್ದು ಅವಳ ಬೆನ್ನನ್ನು: ಗದ್ದೆಯಲ್ಲಿ, ಒಲೆಯೆದುರು, ಶೆಟ್ಟರ ಅಂಗಳದಲ್ಲಿ. ಅದನ್ನೇ ಬರೆದ. ನಟ್ಟಿಗದ್ದೆಯಲ್ಲಿ ಮಡಿಸಿಟ್ಟಂತೆ ಬಾಗಿದ ಬೆನ್ನು. ಬಣ್ಣ ಆರುವ ಮೊದಲೇ ಓಡಿ, ಚೀಲ ಹೊಲಿಯುತ್ತಿದ್ದ ಟಪಾಲಿನವನ ಕೈಗೆ ತುರುಕಿದ.

ಆಷಾಢದ ಮಳೆಯಲ್ಲಿ ಉತ್ತರ ಬಂತು. ಚಿತ್ರದ ಹೆಂಗಸು ಕುಳಿತಿಲ್ಲದಿರುವುದನ್ನು ಕಲಾಶಾಲೆಯ ಪಂಡಿತರು ಕ್ಷಮಿಸಿದ್ದರು. ಆದರೆ ಮನುಷ್ಯರ ಬೆನ್ನು ಇಷ್ಟು ಬಾಗಲು ಸಾಧ್ಯವೇ ಇಲ್ಲ, ಅಭ್ಯರ್ಥಿ ಜೀವಂತ ವ್ಯಕ್ತಿಯನ್ನು ನೋಡಿ ಬರೆದಿಲ್ಲ, ಅರ್ಜಿ ತಿರಸ್ಕೃತ.

ಕುಷ್ಟ ಕಾಗದ ಹಿಡಿದು ಶೆಟ್ಟರ ಗದ್ದೆಯ ಅಂಚಿಗೆ ಬಂದ. ಸೀತು ಭತ್ತದ ಸಸಿ, ನೇಜಿ ನೆಡುತ್ತಿದ್ದಳು.

"ಅಬ್ಬಿ, ನಿನ್ನ ಬೆನ್ನ್ ಸುಳ್ಳಂಬ್ರ್."

ಅವಳು ತಲೆಯೆತ್ತಲಿಲ್ಲ. ಇನ್ನೊಂದು ಹಿಡಿ ನೇಜಿ ಕೆಸರಿಗೊತ್ತಿದಳು.

"ಹಂಗಾರೆ ಈ ಗದ್ದಿ ನಟ್ಟದ್ ಯಾರಂಬ್ರ್?"