ತುಟಿಯಂಚು ಮೇಲೆದ್ದುದರ ಕುರಿತು ಒಂದು ದೂರು

ಪೆನ್ ಟ್ಯಾಬ್ಲೆಟ್ ಕಂಪನಿಯ ‘ನಿಮ್ಮ ಮೊದಲ ಟ್ಯಾಬ್ಲೆಟ್ ಆರಿಸಿಕೊಳ್ಳಿ’ ಎಂಬ ಕೈಪಿಡಿಯನ್ನು ಬರೆದವರಿಗೆ,

ಮಾನ್ಯರೇ,

ತಮ್ಮ ಹೆಸರು ಕೈಪಿಡಿಯಲ್ಲಿ ಎಲ್ಲಿಯೂ ಕಾಣದ ಕಾರಣ, ಇಪ್ಪತ್ತೆರಡು ವರ್ಷಗಳಿಂದ ಫೋಟೋ ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ ಕುಳಿತು ಜನರ ಮೊಡವೆ, ಕಲೆ, ಕಣ್ಣ ಕೆಳಗಿನ ಕಪ್ಪು ಇತ್ಯಾದಿಗಳನ್ನು ಅಳಿಸುತ್ತ ಬಂದಿರುವ ನಾನು, ತಮ್ಮ ಮುಖವನ್ನು ಊಹಿಸಿಕೊಂಡು, ಅದಕ್ಕೂ ಅಗತ್ಯವಿದ್ದಷ್ಟು ತಿದ್ದುಪಡಿ ಮಾಡಿ, ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ.

ಮೌಸ್ ಹಿಡಿದು ಹಿಡಿದು ನನ್ನ ಬಲ ಮಣಿಕಟ್ಟು ಬಾತುಕೊಂಡು, ವೈದ್ಯರು “ಒಂದೋ ಮೌಸ್ ಬಿಡಿ, ಇಲ್ಲ ಕೆಲಸ ಬಿಡಿ” ಎಂದ ಮೇಲೆ ನಾನು, ಮೌಸ್ ಬದಲು ಪೆನ್ನಿನಿಂದ ಗೀಚಿದರೆ ಪರದೆಯ ಮೇಲೆ ಗೆರೆ ಮೂಡಿಸುವ ಹಲಗೆಯೊಂದನ್ನು ಹುಡುಕುತ್ತ, ತಮ್ಮ ಕೈಪಿಡಿಗೆ ಶರಣಾದೆ. ಹನ್ನೊಂದು ಮಾದರಿಗಳನ್ನು ಒಂದಕ್ಕಿಂತ ಒಂದು ಉತ್ತಮವೆಂದು ಹೊಗಳಿ, ಕೊನೆಗೆ ‘ತಮ್ಮ ಅಗತ್ಯಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಿ’ ಎಂದು ಮುಗಿಸಿದ ತಮ್ಮ ನಿಷ್ಪಕ್ಷಪಾತಕ್ಕೆ ನಾನು ತಲೆಬಾಗುತ್ತೇನೆ. ಪೆನ್ನು ಎಂಟು ಸಾವಿರಕ್ಕೂ ಮೀರಿದ ಒತ್ತಡದ ಹಂತಗಳನ್ನು ಗುರುತಿಸುತ್ತದೆಂದು ಓದಿ ಬೆರಗಾದೆ. ನನಗೆ ಅದುವರೆಗೆ ಗೊತ್ತಿದ್ದ ಒತ್ತಡದ ಹಂತಗಳು ಎರಡೇ: ಗಿರಾಕಿ ಬಾಗಿಲಲ್ಲಿ ನಿಂತದ್ದು, ಗಿರಾಕಿ ಬೆನ್ನ ಹಿಂದೆಯೇ ನಿಂತದ್ದು.

‘ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂಬ ತಮ್ಮ ಮೂರನೆಯ ಪುಟದ ಮಾತನ್ನು ನಂಬಿ ಎಲ್ಲಕ್ಕಿಂತ ದೊಡ್ಡದನ್ನೇ ತಂದೆ. ಅದು ಮೇಜಿನ ಮೇಲೆ ಮಲಗಿದ ದಿನದಿಂದ ಕೀಬೋರ್ಡ್ ನನ್ನ ತೊಡೆಯ ಮೇಲೂ ಚಹಾದ ಲೋಟ ಕಿಟಕಿಯ ಮೇಲೂ ಸಂಸಾರ ಹೂಡಿವೆ. ಪರದೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಬೇಕಾದರೆ ಭುಜದಿಂದಲೇ ಹೊರಡಬೇಕಾಗಿರುವುದರಿಂದ ಮಣಿಕಟ್ಟಿನ ನೋವು ಸಂಪೂರ್ಣ ಗುಣವಾಗಿ, ತೋಳಿಗೆ ವರ್ಗವಾಗಿದೆಯೆಂದು ತಿಳಿಸಲು ಸಂತೋಷಪಡುತ್ತೇನೆ.

ಮೊದಲ ವಾರವಂತೂ ನಾನು ಪರದೆಯನ್ನು ಬಿಟ್ಟು ಕೈಯನ್ನೇ ನೋಡುತ್ತ ಕುಳಿತೆ. ನನ್ನ ಗೆರೆಗಳೆಲ್ಲ ಒಬ್ಬ ವರನ ಮೂಗನ್ನು ಬಿಟ್ಟು ಅವನ ಕಿವಿಯ ಮೇಲೆ ಬಿದ್ದವು. ಬಸ್ ಚಾಲಕರಾದ ನನ್ನ ಯಜಮಾನರು ಊಟದ ಡಬ್ಬಿ ಕೊಡಲು ಬಂದವರು ಹಿಂದೆ ನಿಂತು ಎರಡು ನಿಮಿಷ ನೋಡಿ, “ಸ್ಟಿಯರಿಂಗ್ ನೋಡ್ಕೊಂಡು ಯಾರಾದ್ರೂ ಬಸ್ ಓಡಿಸ್ತಾರೇನೆ? ರಸ್ತೆ ನೋಡು, ಕೈಗೆ ತಾನಾಗೇ ಗೊತ್ತಾಗುತ್ತೆ” ಎಂದು ಹೇಳಿ ಹೋದರು. ಅಂದಿನಿಂದ ಕೈ ಹತೋಟಿಗೆ ಬಂತು. ತಮ್ಮ ನಲವತ್ತು ಪುಟಗಳಲ್ಲಿ ಈ ಒಂದು ಸಾಲಿಗೆ ಜಾಗ ಸಾಲದೆ ಹೋದದ್ದು ನನಗೆ ಅರ್ಥವಾಗುತ್ತದೆ.

ಈಗ ದೂರಿನ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ತಂಗಿಯ ಫೋಟೋ ತಂದರು. ತಂಗಿ ತೀರಿಕೊಂಡು ಮೂವತ್ತು ವರ್ಷವಾಗಿದೆ. ಇರುವುದು ಗುರುತಿನ ಚೀಟಿಗೆಂದು ತೆಗೆಸಿದ ಈ ಒಂದೇ ಚಿತ್ರ. ಪರ್ಸಿನಲ್ಲಿ ಮಡಚಿಟ್ಟ ಗೆರೆ ಸರಿಯಾಗಿ ಬಾಯಿಯ ಮೇಲೆಯೇ ಹಾದು ತುಟಿಗಳು ಉದುರಿಹೋಗಿದ್ದವು. ಬೇರೆ ಸ್ಟುಡಿಯೋಗಳು ಆಗುವುದಿಲ್ಲವೆಂದು ಹಿಂತಿರುಗಿಸಿದ್ದನ್ನು ನಾನು ತಮ್ಮ ಪೆನ್ನಿನ ಧೈರ್ಯದ ಮೇಲೆ ಒಪ್ಪಿಕೊಂಡೆ. ಐದು ದಿನ ಕೂದಲೆಳೆಯಷ್ಟು ಗೆರೆಗಳನ್ನು ಹಾಕುತ್ತ ಆ ಬಾಯಿಯನ್ನು ಮತ್ತೆ ಕಟ್ಟಿದೆ. ಬೇರೊಬ್ಬರ ತುಟಿ ಅಂಟಿಸಿದೆನೆಂಬ ಅನುಮಾನ ಅವರಿಗೆ ಬಂದರೆ ಏನು ಹೇಳಲಿ ಎಂಬ ಹೆದರಿಕೆ ಮಾತ್ರ ಐದೂ ದಿನ ಬಿಡಲಿಲ್ಲ.

ಕೊನೆಯ ದಿನ ನನ್ನ ಕೈ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗಿತು. ಮೌಸ್ ಆಗಿದ್ದರೆ ಆ ನಡುಕವನ್ನು ತನ್ನಲ್ಲೇ ನುಂಗಿಕೊಳ್ಳುತ್ತಿತ್ತು. ತಮ್ಮ ಪ್ರಾಮಾಣಿಕ ಪೆನ್ನು ಅದನ್ನೂ ಗುರುತಿಸಿ, ಎಡ ತುಟಿಯಂಚನ್ನು ಒಂದಿಷ್ಟು ಮೇಲೆತ್ತಿಬಿಟ್ಟಿತು. ಮುದ್ರಿಸಿದ ಮೇಲಷ್ಟೇ ನನಗೆ ಅದು ಕಂಡದ್ದು. ಗಂಭೀರವಾಗಿದ್ದ ಹುಡುಗಿ ನಗು ತಡೆದುಕೊಳ್ಳುತ್ತಿದ್ದಾಳೆ! ಅಷ್ಟರಲ್ಲಿ ಶಿಕ್ಷಕಿ ಎದುರಿಗೇ ಬಂದು ನಿಂತಿದ್ದರು.

ಅವರು ಚಿತ್ರವನ್ನು ಎಷ್ಟು ಹೊತ್ತು ನೋಡಿದರೆಂದರೆ ನಾನೇ ತಡೆಯಲಾರದೆ, “ಕ್ಷಮಿಸಿ ಟೀಚರ್, ಕೈ ತಪ್ಪಿತು, ಈಗಲೇ ಸರಿಮಾಡಿ ಕೊಡ್ತೀನಿ” ಎಂದೆ.

“ಮುಟ್ಟಬೇಡಮ್ಮ” ಎಂದರು. “ಅವತ್ತು ನಾನೂ ಪಕ್ಕದಲ್ಲೇ ನಿಂತಿದ್ದೆ. ನಗಬೇಡ ನಗಬೇಡ ಅಂತ ಫೋಟೋದವನು ಮೂರು ಸಲ ಗದರಿದ. ಅವನು ಕ್ಲಿಕ್ ಮಾಡೋ ಹೊತ್ತಿಗೆ ಮಾತ್ರ ಇವಳು ಬಾಯಿ ಮುಚ್ಚಿದ್ದು.” ಆಮೇಲೆ ನನ್ನ ಕುರ್ಚಿಯಲ್ಲಿಯೇ ಕುಳಿತು ಅತ್ತರು. ನಾನು ಕೀಬೋರ್ಡ್ ತಬ್ಬಿಕೊಂಡು ನಿಂತಿದ್ದೆ.

ಆದ್ದರಿಂದ ಮಾನ್ಯರೇ, ನನ್ನ ದೂರು ಇಷ್ಟೇ: ಆ ತಪ್ಪು ತಮ್ಮ ಎಂಟು ಸಾವಿರ ಹಂತಗಳಲ್ಲಿ ಎಷ್ಟನೆಯದು ಎಂಬುದನ್ನು ಕೈಪಿಡಿಯ ಯಾವ ಪುಟವೂ ಹೇಳುವುದಿಲ್ಲ. ದಯವಿಟ್ಟು ಹುಡುಕಿಸಿ, ಮುಂದಿನ ಮುದ್ರಣದಲ್ಲಿ ಸೇರಿಸಬೇಕಾಗಿ ಬೇಡಿಕೊಳ್ಳುತ್ತೇನೆ. ನಾನು ಹತ್ತಾರು ಸಲ ಬೇಕೆಂದೇ ಪ್ರಯತ್ನಿಸಿದೆ. ಬರಲಿಲ್ಲ.

ಇಷ್ಟಾದರೂ ತಮ್ಮ ಮೇಲೆ ಅಷ್ಟಿಷ್ಟು ನಂಬಿಕೆ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಹಿಂಬದಿಯ ಕೋಣೆಯವಳು

ಮರೆತ ಮಾತು: ಶಿಕ್ಷಕಿ ನಿನ್ನೆ ಮತ್ತೆ ಬಂದು, ಇಪ್ಪತ್ಮೂರು ಜನರಿರುವ ತಮ್ಮ ಮದುವೆಯ ಗುಂಪುಚಿತ್ರ ಕೊಟ್ಟು ಹೋಗಿದ್ದಾರೆ. ಎಲ್ಲರನ್ನೂ ನಗಿಸಬೇಕಂತೆ, ಭಾವನೊಬ್ಬನನ್ನು ಬಿಟ್ಟು. ಅವನು ನಕ್ಕರೆ ಯಾರೂ ನಂಬುವುದಿಲ್ಲವಂತೆ. ಇದಕ್ಕೆ ತಕ್ಕ ಹನ್ನೆರಡನೆಯ ಮಾದರಿಯನ್ನು ತಾವು ಹೊರತರುವುದೇ ಆದರೆ, ಕೈಪಿಡಿಯನ್ನು ದಯವಿಟ್ಟು ನನ್ನ ಯಜಮಾನರಿಂದ ಬರೆಸಿ.