ಗೌರವದ ತುಂಡು

ಮಕೋಖಾ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದರೆ ಅವನಿಗೆ ಈ ಕಷ್ಟ ಬರುತ್ತಲೇ ಇರಲಿಲ್ಲ. ಯಾರದೋ ಮೋಟಾರ್‌ಬೈಕು ಹಿಡಿದು ಬುಂಗೋಮಾ ರಸ್ತೆಯಲ್ಲಿ ಬಾಡಿಗೆ ಹೊಡೆದುಕೊಂಡು ಸುಖವಾಗಿರುತ್ತಿದ್ದ. ಹುಡುಗನ ಗ್ರಹಚಾರ, ಒಳ್ಳೆಯ ಅಂಕ ಬಂದುಬಿಟ್ಟವು. ಅಂದಿನಿಂದ ಊರಿಗೆಲ್ಲ ಒಂದೇ ಪ್ರಶ್ನೆ: "ಮುಂದೇನು ಓದ್ತೀಯಪ್ಪ?"

ಮಕೋಖಾನಿಗೆ ಗೊತ್ತಿರಲಿಲ್ಲ. ನಾಚಿಕೆಗೋ ವಿನಯಕ್ಕೋ ಹಾಗೆ ಹೇಳುತ್ತಿದ್ದನೆಂದಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ತಪ್ಪಾಗಿ ಆರಿಸಿಕೊಂಡರೆ ಬದುಕೆಲ್ಲ ಬೇಡದ ಕೆಲಸಕ್ಕೆ ಕತ್ತು ಕೊಡಬೇಕಲ್ಲ ಎಂಬ ಹೆದರಿಕೆ ಬೇರೆ. ಕಂಪ್ಯೂಟರಿನಲ್ಲಿ ಕೋರ್ಸು ಆರಿಸಲು ಇವತ್ತೇ ಕೊನೆಯ ದಿನ.

ಅವನ ಅಪ್ಪ ಖೀಸಾ ಬೆಳಗಿನ ಚಹಾ ಮುಗಿಸಿ ಎದ್ದ. "ನಾನು ಕಬ್ಬಿನ ಟ್ರ್ಯಾಕ್ಟರ್ ಓಡ್ಸೋನು, ನಂಗೇನು ಗೊತ್ತಾಗುತ್ತೆ? ಹೋಗು, ಹಿರಿಯರನ್ನ ಕೇಳ್ಕೊಂಡು ಬಾ. ಪೇಟೇಲಿ ಆ ನಂಜಾಲಾ ಸೈಬರ್ ಸೆಂಟರ್ ಬಾಗಿಲು ಹಾಕೋದ್ರೊಳಗೆ ಒಂದು ತೀರ್ಮಾನ ಆಗಿರ್ಬೇಕು."

ಮೊದಲು ಸೋದರಮಾವ ವೆಪುಖುಲು ಮನೆ. ಮಾವ ಗಾರೆ ಮೇಸ್ತ್ರಿ. ಊರಿನವರ ಮನೆಗಳನ್ನೆಲ್ಲ ಕಟ್ಟಿ ಮುಗಿಸಿದವನ ಸ್ವಂತ ಮನೆಗೆ ಮಾತ್ರ ಇನ್ನೂ ಸೂರು ಏರಿರಲಿಲ್ಲ.

"ಬಾರೋ ಅಳಿಯ! ಸರಿಯಾದ ಹೊತ್ತಿಗೆ ಬಂದೆ!" ಎಂದು ಮಾವ ಅವನನ್ನು ಕೂರಿಸಿದ. ಉಗಾಲಿ ಮುದ್ದೆ ಬಂತು, ಹಿಂದೆಯೇ ಕೋಳಿ ಸಾರು ಬಂತು. ಆಮೇಲೆ ಮಾವ ಬಟ್ಟಲಲ್ಲಿ ಹುಡುಕಿ ಹುಡುಕಿ ಒಂದು ತುಂಡನ್ನು ಅವನ ತಟ್ಟೆಗೆ ಹಾಕಿದ. ಮಕೋಖಾನ ಕೈ ನಿಂತೇಹೋಯಿತು. ಕೋಳಿಯ ಹೊಟ್ಟೆಯೊಳಗೆ ಕಾಳು ಅರೆಯುವ ಆ ಗಟ್ಟಿ ತುಂಡು ಮನೆಯ ಯಜಮಾನನಿಗೆ ಮೀಸಲು. ಇಲ್ಲವೇ ತಲೆಬಾಗಬೇಕಾದಂಥ ಅತಿಥಿಗೆ. ಹದಿನೆಂಟು ವರ್ಷ ಅದು ಅಪ್ಪನ ಬಾಯಿಗೆ ಹೋಗುವುದನ್ನು ಮಾತ್ರ ನೋಡಿದ್ದ ಹುಡುಗ.

"ಮಾವ, ಇದು ನಿಮ್ಗೆ..."

"ತಿನ್ನು, ತಿನ್ನು. ಈಗ ನೀನು ಗಂಡಸು." ತಿಂದು ಮುಗಿಸುವವರೆಗೆ ಕಾದು ಮಾವ ಗಂಟಲು ಸರಿಪಡಿಸಿಕೊಂಡ. "ನೀನು ಎಂಜಿನಿಯರ್ ಆಗ್ಬೇಕು. ನಕ್ಷೆ ನಿಂದು, ಗಾರೆ ನಂದು. ನನ್ನ ಮನೇಲಿ ಆ ತುಂಡು ತಿಂದೋನು ಇಲ್ಲ ಅನ್ನಬಾರ್ದು, ನೋಡು."

ಮಕೋಖಾ ಇಲ್ಲ ಅನ್ನಲಿಲ್ಲ. ಬಾಯಲ್ಲಿ ಇನ್ನೂ ಆ ರುಚಿ ಇರುವಾಗ ಹೇಗೆ ತಾನೇ ಅನ್ನುವುದು?

ಮುಂದೆ ಸೋದರತ್ತೆ ನಫುನಾ ಮನೆ. ಬೇಲಿಯ ವಿಚಾರಕ್ಕೆ ಪಕ್ಕದ ಹೊಲದವರ ಮೇಲೆ ಅವಳು ಹೂಡಿದ್ದ ದಾವೆ ಮಕೋಖಾನಿಗಿಂತ ಹಿರಿಯದು. ಹೊಸ್ತಿಲು ದಾಟುವ ಮೊದಲೇ ಕೋಳಿ ಬೇಯುವ ಘಮ ಮೂಗಿಗೆ ಬಡಿಯಿತು.

"ಅತ್ತೆ, ಹೊಟ್ಟೆ ತುಂಬಿದೆ. ಮಾವನ ಮನೇಲಿ ಈಗ ತಾನೇ..."

"ಓಹೋ! ತಾಯಿ ಕಡೆಯೋರ ಅನ್ನ ಸಿಹಿ, ಅಪ್ಪನ ಕಡೆಯೋರದು ಕಹಿನಾ?"

ಮಕೋಖಾ ಕೂತು ತಿಂದ. ಅಲ್ಲಿಯೂ ಆ ತುಂಡು ಅವನ ತಟ್ಟೆಗೇ ಬಂತು. ಅತ್ತೆ ಎದುರಿಗೆ ಕೂತು ಒಂದೊಂದು ತುತ್ತನ್ನೂ ಕಣ್ಣಲ್ಲೇ ಕಾವಲು ಕಾದಳು. "ಲಾಯರ್ ಆಗು ಮಗನೇ. ನಾನು ಸಾಯೋದ್ರೊಳಗೆ ಆ ಬೇಲಿ ಅತ್ಲಾಗೆ ಸರೀಬೇಕು. ಆ ತುಂಡು ತಿಂದಿದೀಯ, ನೆನಪಿರ್ಲಿ."

ಇನ್ನುಳಿದವರು ನಿವೃತ್ತ ಮೇಷ್ಟ್ರು ಸಿತುಮಾ. ದಾರಿಯಲ್ಲಿ ಮಕೋಖಾನ ಅಂಗಿಯ ಗುಂಡಿ ಹಾರಿ ಕಬ್ಬಿನ ಗದ್ದೆಗೆ ಬಿತ್ತು. ಅವನಿಗೆ ಬಗ್ಗಿ ಹುಡುಕಲಾಗಲಿಲ್ಲ. ಮೇಷ್ಟ್ರ ಮನೆಯಲ್ಲಾದರೂ ಬರೀ ಚಹಾ ಸಿಗಲಿ ದೇವರೇ ಎಂದು ಬೇಡಿಕೊಂಡ. ಮೇಷ್ಟ್ರು ಜಿಪುಣರೆಂದು ಊರಿಗೇ ಹೆಸರು; ದೇವರಿಗಿಂತ ಆ ಜಿಪುಣತನದ ಮೇಲೇ ಅವನಿಗೆ ಭರವಸೆ ಹೆಚ್ಚಿತ್ತು.

ಮೇಷ್ಟ್ರು ಇಡೀ ಕೋಳಿಯನ್ನೇ ಮುಂದಿಟ್ಟರು.

ಮಕೋಖಾನ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಅದನ್ನು ಗುರುಭಕ್ತಿ ಎಂದುಕೊಂಡರು. "ಅಳ್ಬೇಡಪ್ಪ. ನೀನು ನನ್ನ ಹಾಗೇ ಮೇಷ್ಟ್ರಾಗ್ಬೇಕು. ಈ ಕುರ್ಚಿಗೆ ವಾರಸುದಾರ ಬೇಡ್ವೇ? ತಗೋ, ಆ ತುಂಡು ನಿಂದೇ."

ಸಂಜೆ ಪೇಟೆಯತ್ತ ನಡೆಯುವಾಗ ಹುಡುಗನ ಹೊಟ್ಟೆಯಲ್ಲಿ ಎಂಜಿನಿಯರು, ಲಾಯರು, ಮೇಷ್ಟ್ರು ಮೂವರೂ ಕಾದಾಡುತ್ತಿದ್ದರು. ಇಡೀ ಕುಲದಲ್ಲಿ ಯಾರಿಗೂ ಸಿಗದ ಗೌರವ ಒಂದೇ ದಿನ ಮೂರು ಸಲ ಸಿಕ್ಕಿದೆ. ಯಾರ ಮನಸ್ಸು ಮುರಿಯುವುದು? ಅವನಿಗೆ ಹೆಮ್ಮೆಯೂ ಆಯಿತು, ಓಡಿಹೋಗೋಣ ಎಂದೂ ಅನ್ನಿಸಿತು.

ಸೈಬರ್ ಮುಂದೆ ಹಿರಿಯರು ಮೂವರೂ ಮೊದಲೇ ಬಂದು ನಿಂತಿದ್ದರು. ಪಕ್ಕದಲ್ಲಿ ಅಪ್ಪ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಮೊದ್ಲು ತಿಂದಿದ್ದು ನಮ್ಮನೇಲಿ!" ಎಂದ ಮಾವ.

"ಮೊದ್ಲು ತಿಂದ್ರೆ ಏನಾಯ್ತು? ರಕ್ತ ನಮ್ದು!" ಎಂದಳು ಅತ್ತೆ.

"ನಾನು ಇಡೀ ಕೋಳಿ ಕೊಟ್ಟಿದ್ದೀನಿ," ಎಂದರು ಮೇಷ್ಟ್ರು, ಆ ಸಂಕಟ ದನಿಯಲ್ಲೇ ಕೇಳುವಂತೆ.

ಗಲಾಟೆಗೆ ಒಳಗಿನಿಂದ ನಂಜಾಲಾ ಹೊರಬಂದಳು. ಸೈಬರ್ ಅವಳದು. ಯಾರಿಗೂ ಹೆದರುವ ಹೆಂಗಸಲ್ಲ. "ಏನ್ರೀ ಇದು, ಸಂತೆನಾ? ಯಾವ ಕೋಳಿ? ವೆಪುಖುಲು ಅಣ್ಣ, ಬೆಳಿಗ್ಗೆ ನಿಮ್ಮನೆ ಅಂಗಳದಲ್ಲಿ ಕತ್ತು ತಿರುಚ್ಕೊಂಡು ಗಿರಗಿರ ಸುತ್ತುತ್ತಿತ್ತಲ್ಲ, ಅದಾ?"

ಮಾವ ಆಕಾಶ ನೋಡಿದ.

"ಈ ಸಲಾನೂ ಊರಿಗೆಲ್ಲ ಕೋಳಿ ರೋಗ ಬಂದು ವಾರ ಆಯ್ತು. ಸಾಯೋ ಮುಂಚೆ ಕೊಯ್ದು ಎಲ್ರೂ ತಿಂತಾ ಇದಾರೆ. ತಿಂದು ತಿಂದು ನಮ್ಮನೇಲಿ ನಾಯೀನೂ ಮೂಸ್ತಿಲ್ಲ. ನಿನ್ನೆ ಮೇಷ್ಟ್ರು ದಾರಿಯಲ್ಲಿ ಹೋಗ್ತಿದ್ದ ಹಾಲಿನೋನನ್ನ ಕರೆದು ಕೂರ್ಸಿ ಆ ತುಂಡು ಹಾಕಿದ್ರಂತೆ. ನಿಮ್ಮನೇಲಿ ಈಗ ಕೋಳಿ ಇಲ್ವಲ್ಲ, ನಿಂಗೆ ಗೊತ್ತಾಗಿಲ್ಲ. ಬೇಯಿಸಿದ್ರೆ ಏನೂ ಆಗಲ್ಲ ಬಿಡಪ್ಪ ಮಕೋಖಾ, ಮುಖ ಹಾಗ್ ಮಾಡ್ಬೇಡ."

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಅತ್ತೆ ತನ್ನ ಲಂಗದ ಮೇಲಿಲ್ಲದ ಧೂಳನ್ನು ಕೊಡವಿದಳು.

ಮಕೋಖಾನಿಗೆ ಮೊದಲು ಅಳು ಬಂತು. ಬೆಳಗಿನಿಂದ ಹೊತ್ತು ತಿರುಗಿದ ಗೌರವ ಹಾಲಿನವನಿಗೂ ಸಿಕ್ಕಿತ್ತೇ? ಆದರೆ ಅಳು ಗಂಟಲಿಗೆ ಬರುವಷ್ಟರಲ್ಲಿ ನಗುವಾಯಿತು. ಹಾಗಾದರೆ ಅವನು ಯಾರಿಗೂ ಮಾತು ಕೊಟ್ಟ ಹಾಗಲ್ಲ! ಎಷ್ಟೋ ವಾರಗಳ ಮೇಲೆ ಮೊದಲ ಸಲ ಎದೆ ಹಗುರಾಯಿತು. ಹಗುರಾದ ಎದೆಯಲ್ಲಿ ತಾನಾಗಿಯೇ ಒಂದು ಪ್ರಶ್ನೆ ಎದ್ದಿತು.

"ಮೇಷ್ಟ್ರೇ, ಆ ರೋಗ ಬಂದ್ರೆ ಕೋಳಿ ಕತ್ತು ಯಾಕೆ ತಿರುಚುತ್ತೆ?"

"ಅದು... ನಮ್ಮ ಪಾಠದಲ್ಲಿ ಇರ್ಲಿಲ್ಲ."

"ಗಾಳಿ ಹೊಡ್ದಿರೋದು ಕಣೋ," ಎಂದ ಮಾವ.

"ಪಕ್ಕದ ಹೊಲದೋರ ಕಣ್ಣು," ಎಂದಳು ಅತ್ತೆ.

"ಮನುಷ್ಯರಿಗೆ ಹಾಕೋ ಹಾಗೆ ಮುಂಚೇನೇ ಲಸಿಕೆ ಹಾಕಿದ್ರೆ ಬರಲ್ವಾ? ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ವಾ?"

ಯಾರೂ ಕೇಳಿರಲಿಲ್ಲ. ಮಕೋಖಾ ಒಳಗೆ ಹೋಗಿ ಕೂತ. "ನಂಜಾಲಕ್ಕ, ದನ-ಕೋಳಿ ವೈದ್ಯಕ್ಕೆ ಏನಂತಾರೋ, ಅದನ್ನ ಹಾಕು."

"ಖಾತ್ರಿ ತಾನೇ ಮಗ?" ಅಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಖಾತ್ರಿ ಏನಿಲ್ಲಪ್ಪ. ಆದ್ರೆ ತಿಳ್ಕೋಬೇಕು ಅನ್ನಿಸ್ತಿದೆ. ಬೇರೆ ಯಾವುದಕ್ಕೂ ಹಾಗನ್ನಿಸಿರ್ಲಿಲ್ಲ."

ಅಪ್ಪ ಟೋಪಿ ಹಾಕಿಕೊಂಡ. ಅವನ ಮುಖದಲ್ಲಿ ಸಂತೋಷ ಕಾಣುತ್ತಿತ್ತು.

ತಾನು ಹೊರಗೆ ಬರುವಷ್ಟರಲ್ಲಿ ಮೂವರು ಹಿರಿಯರೂ ಮುನಿಸಿಕೊಂಡು ಹೋಗಿರುತ್ತಾರೆ ಎಂದು ಮಕೋಖಾ ಅಂದುಕೊಂಡಿದ್ದ. ಆದರೆ ಮಾವ ಓಡಿಬಂದು ರಟ್ಟೆ ಹಿಡಿದ.

"ಡಾಕ್ಟ್ರೇ, ನಮ್ಮ ಹಸು ನಿನ್ನೆಯಿಂದ ಮೇವು ಮುಟ್ಟಿಲ್ಲ, ನಡಿ!"

"ಮಾವ, ನಾನಿನ್ನೂ ಕಾಲೇಜಿನ ಮುಖಾನೇ ನೋಡಿಲ್ಲ!"

"ನೀನು ನೋಡ್ಕೊಂಡು ಬರೋವರೆಗೂ ಹಸು ಉಪವಾಸ ಇರುತ್ತಾ?"

"ಮೊದ್ಲು ನನ್ನ ಮೇಕೆ," ಎಂದು ಅತ್ತೆ ಇನ್ನೊಂದು ರಟ್ಟೆ ಹಿಡಿದಳು. ಮೇಷ್ಟ್ರಿಗೆ ಹಿಡಿಯಲು ಅಂಗಿಯ ಹಿಂಭಾಗ ಉಳಿದಿತ್ತು; ಅವರ ಹಂದಿಗೆ ಕೆಮ್ಮಂತೆ. ಬೆಳಗಿನಿಂದ ಸುತ್ತಿದ ದಾರಿಯಲ್ಲೇ ಅವನನ್ನು ಮತ್ತೆ ಎಳೆದುಕೊಂಡು ಹೊರಟರು.

ಮಾವನ ಕೊಟ್ಟಿಗೆಯಲ್ಲಿ ಹಸು ಹೊಸ ಡಾಕ್ಟರನ್ನು ನೋಡಿ ಅವನ ಅಂಗಿಯ ತೋಳನ್ನೇ ಮೆಲ್ಲತೊಡಗಿತು. ಅದಕ್ಕೆ ಏನಾಗಿದೆಯೋ ಮಕೋಖಾನಿಗೆ ಒಂದಿಷ್ಟೂ ತಿಳಿಯಲಿಲ್ಲ. ಆದರೂ ಅದರ ಕಿವಿ ಮುಟ್ಟಿ ನೋಡಿದ. ಬಿಸಿಯಾಗಿತ್ತು. ಆಮೇಲೆ ಪಕ್ಕದ ಕರುವಿನ ಕಿವಿಯನ್ನೂ ಮುಟ್ಟಿದ. ಅದು ತಣ್ಣಗಿತ್ತು.

"ಮಾವ, ದೀಪ ಹತ್ರ ತನ್ನಿ," ಎಂದ.