ಶಾಮಣ್ಣ ಮೇಷ್ಟ್ರ ಮೂರು ಲಕ್ಷಣ

ಗೌರಿ ಹಬ್ಬಕ್ಕೆ ಮನೆ ಚೊಕ್ಕ ಮಾಡುವಾಗ ಚೂಡಾಮಣಿಯವರು ಅಟ್ಟದ ಹಳೆಯ ಕಾಗದವನ್ನೆಲ್ಲ ತೂಕಕ್ಕೆ ಹಾಕಿದ್ದರು. ಅದರ ಜೊತೆ ಗಂಡನ ಮೂವತ್ತು ವರ್ಷದ ರಾಜ್ಯಶಾಸ್ತ್ರದ ನೋಟ್ಸೂ ಹೋಗಿತ್ತು. ಶಾಮಣ್ಣ ಮೇಷ್ಟ್ರಿಗೆ ಅದು ತಿಳಿದದ್ದು ಭಾನುವಾರ ಬೆಳಗ್ಗೆ. ಅಂದು ಸಂಜೆಯೇ ಜಯನಗರದ ಪಾರ್ಕಿನಲ್ಲಿ ಅವರ ಭಾಷಣ. ಹಿಂದಿನ ಕಾಲದ ರಾಷ್ಟ್ರನಾಯಕರೊಬ್ಬರ ಚಿಂತನೆ ನಿಜವಾದ ಚಿಂತನೆಯೋ, ಬರೀ ಜನರನ್ನು ಮರುಳು ಮಾಡುವ ರಾಜಕಾರಣವೋ ಎಂಬುದು ವಿಷಯ. ಚೆನ್ನಾಗಿ ಆದರೆ ಪ್ರತಿ ಭಾನುವಾರವೂ ಪಾಠ ಮಾಡಿ ಎಂದು ವಾಕಿಂಗ್ ಸಂಘದ ಅಧ್ಯಕ್ಷ ಚಕ್ರಪಾಣಿ ಹೇಳಿದ್ದರು.

ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಪಾಠ ಎಂದರೆ ಮೇಷ್ಟ್ರ ಎದೆ ತುಂಬಿ ಬರುತ್ತದೆ. ಕಾಲೇಜಿನಲ್ಲಿ ಅವರು ನೋಟ್ಸ್ ಹೇಳತೊಡಗಿದರೆ ಅರವತ್ತು ಪೆನ್ನುಗಳು ಒಟ್ಟಿಗೆ ಓಡುತ್ತಿದ್ದವು, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಅರೆಕೆರೆಯಲ್ಲಿರುವ ಹಳೆಯ ಶಿಷ್ಯೆ ಮೈತ್ರೇಯಿಗೆ ಫೋನ್ ಮಾಡಿದರು.

"ನಿಮ್ಮ ನೋಟ್ಸ್ ಇನ್ನೂ ಇಟ್ಕೊಂಡಿದೀನಿ ಸಾರ್, ನಾನೇ ತರ್ತೀನಿ," ಎಂದಳು ಆಕೆ. ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಹಾಲು ತರಲು ಹೊರಟರೆ ಮೆಟ್ಟಿಲಲ್ಲೇ ಮೇಲಿನ ಮನೆಯ ಶಾಂತಾದೇವಿ ತಡೆದರು. ಅವರ ತಂದೆ ಆ ನಾಯಕರಿಗಾಗಿ ಜೈಲಿಗೆ ಹೋದವರು. ಅವರ ಬಗ್ಗೆ ಒಂದು ಕೆಟ್ಟ ಮಾತೂ ಬರಕೂಡದು ಎಂದರು. ಬರೋದಿಲ್ಲ ಎಂದರು ಮೇಷ್ಟ್ರು. ಹಾಲಿನಂಗಡಿ ಮುಂದೆ ಚಕ್ರಪಾಣಿ ಸಿಕ್ಕರು. ಜನಕ್ಕೆ ಪುಗಸಟ್ಟೆ ಆಸೆ ಹಚ್ಚಿದ್ದೇ ಆ ಮನುಷ್ಯ, ಬಿಡಿಸಿ ಹೇಳಬೇಕು ಎಂದರು. ಹೇಳ್ತೀನಿ ಎಂದರು ಮೇಷ್ಟ್ರು. ಭಾನುವಾರದ ಪಾಠ ತಪ್ಪಬಾರದಲ್ಲ.

ಸಂಜೆ ಮೈತ್ರೇಯಿ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಳು. ಬರಿಗೈಯಲ್ಲಿ ನಿಂತ ಮೇಷ್ಟ್ರಿಗೆ ಎದುರಿಗೆ ಶಾಂತಾದೇವಿ, ಪಕ್ಕದಲ್ಲಿ ಚಕ್ರಪಾಣಿ. ಮೈಕು ಹಿಡಿದರು.

"ಪ್ರೊಫೆಸರುಗಳಿಗೆ ಏನ್ ಗೊತ್ತು? ಈ ಪಾರ್ಕಿನ ಜನಕ್ಕಿಂತ ಬುದ್ಧಿವಂತರು ದೇಶದಲ್ಲೇ ಇಲ್ಲ," ಎಂದುಬಿಟ್ಟರು.

ಚಪ್ಪಾಳೆ ಬಿತ್ತು. ಹುರುಪು ಹತ್ತಿ, ಹೊಸ ಬೆಂಚು, ಕುಡಿಯಲು ಬಿಸಿನೀರು, ಮಂಡಿನೋವಿಗೆ ಡಾಕ್ಟರು, ಎಲ್ಲವನ್ನೂ ತಾವೇ ತರಿಸುವುದಾಗಿ ಮಾತು ಕೊಟ್ಟರು. ನಾಯಕರ ಹೆಸರೇ ಬರಲಿಲ್ಲ. ಪುಗಸಟ್ಟೆ ಕಂಡರಾಗದ ಚಕ್ರಪಾಣಿಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಇನ್ನು ಪ್ರತಿ ಭಾನುವಾರ ಮೇಷ್ಟ್ರ ಪಾಠ ಎಂದು ಸಾರಿದರು.

ಅಷ್ಟರಲ್ಲಿ ಮೈತ್ರೇಯಿ ಏದುಸಿರು ಬಿಡುತ್ತ ಬಂದಳು. ಮೇಷ್ಟ್ರು ಕೈ ಚಾಚುವ ಮೊದಲೇ ಚಕ್ರಪಾಣಿ ನೋಟ್‌ಬುಕ್ ಇಸಿದುಕೊಂಡು, ಮೇಷ್ಟ್ರ ಹಳೆಯ ಪಾಠದ ಸವಿ ಎಲ್ಲರಿಗೂ ಸಿಗಲಿ ಎಂದು ಕೆಂಪು ಗೆರೆ ಎಳೆದಿದ್ದ ಭಾಗವನ್ನು ಮೈಕಿನಲ್ಲಿ ಓದಿದರು.

"ಜನರನ್ನು ಮರುಳು ಮಾಡುವ ನಾಯಕನ ಮೂರು ಲಕ್ಷಣ. ಒಂದು, ಎದುರಿಗಿರುವವರನ್ನು ಅತಿಯಾಗಿ ಹೊಗಳುತ್ತಾನೆ. ಎರಡು, ಓದಿದವರನ್ನು ಹೀಯಾಳಿಸುತ್ತಾನೆ. ಮೂರು, ಕೈಲಾಗದ್ದನ್ನೆಲ್ಲ ಕೊಡುತ್ತೇನೆ ಎನ್ನುತ್ತಾನೆ."

ತಲೆಗಳೆಲ್ಲ ಮೇಷ್ಟ್ರ ಕಡೆ ತಿರುಗಿದವು.

"ನಾಯಕರ ವಿಷಯ ನನಗೆ ಗೊತ್ತಿಲ್ಲಪ್ಪ," ಎಂದರು ಶಾಂತಾದೇವಿ ನಿಧಾನವಾಗಿ, "ಮೇಷ್ಟ್ರದು ಮಾತ್ರ ಮೂರಕ್ಕೆ ಮೂರು."

ಈಗ ಭಾನುವಾರಗಳಲ್ಲಿ ಅಲ್ಲಿ ಪಾಠದ ಬದಲು ನಗೆಕೂಟ ನಡೆಯುತ್ತದೆ. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು, ಹೇಳಿದಾಗ ನಗುತ್ತಾರೆ.